ಎರಡನೇ ಕೀ

ಶಿವಣ್ಣ, ಆ ಎರಡನೇ ಕೀಯನ್ನು ನಾನು ನಿನಗೆ ಕೊಟ್ಟೇ ಇರಲಿಲ್ಲ. ಅದು ನನ್ನ ಕಾರಿನೊಳಗೇ ಇತ್ತು. ಇಟ್ಟವಳು ನಾನು. ಕಾರು ಕಳುವಾದ ದಿನ ಪೊಲೀಸರ ಎದುರು, ಇಡೀ ಕುಟುಂಬದ ಎದುರು ನಾನು ಹೇಳಿದ್ದು ಸುಳ್ಳು — ಮರೆವಲ್ಲ, ಗಾಬರಿಯಲ್ಲ, ಸುಳ್ಳು.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಬರೆಯುವಾಗಲೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದೇನೆ ನೋಡು. ನಿನ್ನ ಅತ್ತಿಗೆಯ ಜಂಬ ಇನ್ನೂ ಇಳಿದಿಲ್ಲ. ನನಗೆ ಹೆಮ್ಮೆ ಜಾಸ್ತಿ ಅಂತ ನಮ್ಮ ಕಡೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗಂಡಸರ ನಡುವೆ ನಿಂತು ಹರಾಜಿನಲ್ಲಿ ಗೂಡು ಹಿಡಿದು, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನೂಲು ತೆಗೆದು, ಆ ದುಡಿಮೆಯಿಂದ ಕಾರು ತಂದವಳು ನಾನು. ನಮ್ಮ ಮನೆಯಲ್ಲಿ ಮೊದಲು ಸ್ಟೇರಿಂಗ್ ಹಿಡಿದವಳೂ ನಾನೇ. ನಿಮ್ಮಣ್ಣ ಇವತ್ತಿಗೂ ಪಕ್ಕದ ಸೀಟಿನವರು. ಇದನ್ನೆಲ್ಲ ನಾನು ಯಾಕೆ ಮುಚ್ಚಿಡಲಿ? ಆದರೆ ಅದೇ ಹೆಮ್ಮೆಗೆ ನಿನ್ನ ಹೆಸರನ್ನು ಬಲಿ ಕೊಟ್ಟೆನಲ್ಲ — ಅದನ್ನು ಮಾತ್ರ ಮುಚ್ಚಿಟ್ಟೆ.

ಮೊದಲಿನಿಂದ ಹೇಳುತ್ತೇನೆ. ಹೊಸ ಕಾರಿಗೆ ಕೆಂಗಲ್ ಆಂಜನೇಯನ ಮುಂದೆ ಪೂಜೆ ಮಾಡಿಸಿದ್ದು ನಿನಗೆ ನೆನಪಿದೆ. ಅರ್ಚಕರು ಎರಡೂ ಕೀಗಳನ್ನು ದೇವರ ಪಾದಕ್ಕೆ ಮುಟ್ಟಿಸಿ, ತಟ್ಟೆಯಲ್ಲಿ ಹೂವಿನ ಜೊತೆ ತಂದುಕೊಟ್ಟರು. ನಮ್ಮತ್ತೆಯ — ನಿನ್ನ ಅವ್ವನ — ಪದ್ಧತಿ ನಿನಗೆ ಗೊತ್ತೇ ಇದೆ. ಪಂಪ್‌ಸೆಟ್ ಮನೆಯ ಎರಡನೇ ಬೀಗದ ಕೈ ಅದರ ಸೂರಿನಲ್ಲೇ ಇರಬೇಕು, ನೂಲು ತೆಗೆಯುವ ಶೆಡ್ಡಿನದು ಶೆಡ್ಡಿನ ದೇವರ ಗೂಡಿನಲ್ಲೇ ಇರಬೇಕು. ಅರಿಶಿನ ಕುಂಕುಮ ಹಾಕಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟರೆ ಆ ವಸ್ತುವನ್ನು ಅದೇ ಕಾಯುತ್ತದೆ ಅಂತ ಅವರ ನಂಬಿಕೆ. ಅತ್ತೆ ಹೋದ ಮೇಲೆ ಆ ಪದ್ಧತಿ ನಡೆಸಿಕೊಂಡು ಬಂದವಳು ನಾನೊಬ್ಬಳೇ. ಅದಕ್ಕೂ ನನಗೆ ಹೆಮ್ಮೆಯೇ. ಯಾರಿಗೂ ಹೇಳದೆ ಕಾರಿನ ಎರಡನೇ ಕೀಯನ್ನು ಹಾಗೇ ಗಂಟು ಕಟ್ಟಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಇಟ್ಟೆ.

ಆಮೇಲೆ ಚನ್ನಪಟ್ಟಣದ ನಿನ್ನ ಅಂಗಡಿಗೆ ಬಂದೆ, ಹಾಡಿನ ಸೆಟ್ ಹಾಕಿಸಲು. ನೀನು ಸೆಟ್ ಬಿಟ್ಟು ಗೇರಿಗೆ ಹಾಕುವ ಕಬ್ಬಿಣದ ಬೀಗವೊಂದನ್ನು ಹಿಡಿದುಕೊಂಡು ನಿಂತೆ.

"ಅತ್ಗೆ, ಸೆಟ್ ಆಮೇಲ್ ಹಾಕಣ. ಮೊದ್ಲು ಇದ್ನ ಹಾಕುಸ್ಕಳಿ."

"ಯಾಕಪ್ಪ, ಕಂಪ್ನಿಯೋರು ಬೀಗ ಇಲ್ದಲೇ ಕಾರ್ ಕೊಟ್ಟವ್ರಾ?"

"ಕೊಟ್ಟವ್ರೆ. ಅದು ಒಳಗಡೆ ಐತೆ, ಕಳ್ಳನ್ ಕಣ್ಗೆ ಕಾಣಕಿಲ್ಲ. ಇದು ಕಾಣ್ತದೆ. ಇದ್ನ ನೋಡ್ದೋನು ಪಕ್ಕದ್ ಕಾರ್‌ಗೆ ಹೋಯ್ತಾನೆ."

"ನಿನ್ ಬೀಗ ಮಾರಕ್ಕೆ ನನ್ ಕಾರೇ ಬೇಕಿತ್ತೇನ್ಲಾ?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನೀನೂ ನಕ್ಕೆ. ನಾನು ಅಷ್ಟಕ್ಕೇ ಬಿಡಲಿಲ್ಲ. ಶೋರೂಮಿನವನು ಹೇಳಿದ್ದನ್ನೆಲ್ಲ ಅಲ್ಲೇ ಒಪ್ಪಿಸಿದೆ: ಕೀಯೊಳಗೆ ಚಿಪ್ ಇದೆ, ಆ ಚಿಪ್ ಗುರುತು ಸಿಗದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಯಾರಾದರೂ ಬಾಗಿಲು ಮೀಟಿದರೆ ಕಾರೇ ಕೂಗಿಕೊಳ್ಳುತ್ತದೆ, ಇನ್ನು ನಿನ್ನ ಕಬ್ಬಿಣ ಯಾತಕ್ಕೆ? ಆ ದಿನ ನಿನ್ನ ಕೈಗೆ ಕೊಟ್ಟಿದ್ದು ಒಂದೇ ಕೀ. ಸೆಟ್ ಹಾಕಿ ಮುಗಿದ ಕೂಡಲೇ ನೀನು ಅದನ್ನು ನನ್ನ ಕೈಗೇ ವಾಪಸ್ ಕೊಟ್ಟೆ.

ಹರಕೆ ತೀರಿಸಲು ಮನೆಮಂದಿಯೆಲ್ಲ ಕಬ್ಬಾಳಿಗೆ ಹೋದದ್ದು ಆಮೇಲೆ. ಕಬ್ಬಾಳಮ್ಮನಿಗೆ ಪೂಜೆ ಮುಗಿಸಿ, ಮರದ ಕೆಳಗೆ ಒಲೆ ಹೂಡಿ ಅಡುಗೆ ಮಾಡಿದೆವು. ಮುದ್ದೆ ಬಡಿಸುತ್ತಿದ್ದೆ. ಕಾರುಗಳು ನಿಂತಿದ್ದ ಬಯಲಿನ ಕಡೆಯಿಂದ ಒಂದು ಕಾರು ಕೂಗಿಕೊಳ್ಳತೊಡಗಿತು.

"ಯಾರ್ದೋ ಕಾರು ಬಾಯ್ ಬಡ್ಕತಾ ಐತೆ, ಹೋಗಿ ನೋಡ್ಕಳ್ರಪ್ಪ," ಅಂದೆ.

ಎಲ್ಲರೂ ನಕ್ಕರು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ನಾನು ಇನ್ನೊಂದು ಮುದ್ದೆ ಬಡಿಸಿದೆ.

ಅದು ನನ್ನ ಕಾರು, ಶಿವಣ್ಣ. ಆಮೇಲೆ ಹೋಗಿ ನೋಡಿದರೆ ಅದು ನಿಂತಿದ್ದ ಜಾಗ ಖಾಲಿ. ಬಾಗಿಲ ಸಂದಿಗೆ ಏನೋ ತೂರಿಸಿ ತೆಗೆದವನಿಗೆ ಪೆಟ್ಟಿಗೆಯೊಳಗಿನ ಕೆಂಪು ಗಂಟು ಸಿಕ್ಕಿದೆ. ಕೀಯ ಗುಂಡಿ ಒತ್ತಿ ಕೂಗು ನಿಲ್ಲಿಸಿದ್ದಾನೆ, ಅದೇ ಕೀ ತಿರುಗಿಸಿ ಓಡಿಸಿಕೊಂಡು ಹೋಗಿದ್ದಾನೆ. ಕಂಪನಿಯವರು ಕೊಟ್ಟ ಬೀಗ ತನ್ನ ಕೆಲಸ ಮಾಡಿತು. ಚಿಪ್ ಇರುವ ಕೀಗೆ ಮಾತ್ರ ಎಂಜಿನ್ ಬಗ್ಗಿತು. ನಿನ್ನ ಕಬ್ಬಿಣದ ಬೀಗ ಇದ್ದಿದ್ದರೆ? ಗೇರು ಅಲುಗುತ್ತಿರಲಿಲ್ಲ — ಕೈಯಲ್ಲಿ ಕೀ ಇದ್ದರೂ ಅವನು ಗುಂಡಿ ಒತ್ತಿಕೊಂಡು ಕೂರಬೇಕಾಗಿತ್ತು. ನೀನು ಹೇಳಿದ್ದೇ ಸರಿ. ಇದನ್ನು ಆ ಬಯಲಿನಲ್ಲೇ ಹೇಳಬಹುದಿತ್ತು.

ಪೊಲೀಸರು ಬಂದು ಕೇಳಿದ ಮೊದಲ ಪ್ರಶ್ನೆ, "ಎರಡೂ ಕೀ ಎಲ್ಲಮ್ಮ?" ಒಂದನ್ನು ಸೆರಗಿನಿಂದ ಬಿಚ್ಚಿ ತೋರಿಸಿದೆ. ಇನ್ನೊಂದು — ಆ ಗಳಿಗೆಯಲ್ಲಿ ಕೆಂಪು ಗಂಟು ನನ್ನ ಕಣ್ಣ ಮುಂದೆ ಬಂತು. ಎಲ್ಲ ಸ್ಪಷ್ಟವಾಗಿ ಅರ್ಥವಾಯಿತು. ಸುತ್ತಲೂ ನಮ್ಮವರೇ. ಹೆಂಗಸು ಕಾರು ತಗೊಂಡರೆ ಹೀಗೇ ಆಗೋದು, ಕಳ್ಳನಿಗೆ ಕೀಯನ್ನೂ ಒಳಗಿಟ್ಟು ಕೊಟ್ಟವ್ಳೆ — ಹೀಗೆ ಅವರು ಅನ್ನಬಹುದಾದದ್ದೆಲ್ಲ ಮೊದಲೇ ಕಿವಿಗೆ ಬಿತ್ತು. ಕಾರು ಹೋದ ಸಂಕಟಕ್ಕಿಂತ ಆ ನಗುವಿನ ಹೆದರಿಕೆಯೇ ದೊಡ್ಡದಾಯಿತು.

"ಇನ್ನೊಂದು ಕೀ ನಮ್ ಮೈದ ಶಿವಣ್ಣನ್ ತಾವ ಐತೆ ಸಾರ್. ಸೆಟ್ ಹಾಕಕ್ಕೆ ಅಂತ ಕೊಟ್ಟಿದ್ದೆ. ವಾಪಸ್ ಕೊಟ್ಟಿಲ್ಲ."

ನೀನು ಕೈಯಲ್ಲಿ ಎಲೆ ಹಿಡಿದುಕೊಂಡು ನಿಂತಿದ್ದೆ. "ಕೊಟ್ಟಿದ್ರಾ ಅತ್ಗೆ?" ಅಂದೆ, ಒಂದೇ ಸಲ.

"ಕೊಟ್ಟಿದ್ದೆ ಕಣಪ್ಪ. ನೀನ್ ಮರ್ತಿದ್ದೀಯ."

ಆಗ ನೀನು ಜಗಳ ಆಡಿದ್ದರೆ — ಆಡಬೇಕಾಗಿತ್ತು ನೀನು. ನನ್ನ ಮುಖವನ್ನೇ ನೋಡಿ, ಪೊಲೀಸರ ಕಡೆ ತಿರುಗಿ, "ಹಂಗಾರೆ ಅಂಗಡೀಲೇ ಎಲ್ಲೋ ಇರ್ಬೇಕು ಸಾರ್, ಹುಡುಕ್ತೀನಿ," ಅಂದುಬಿಟ್ಟೆ. ಅತ್ತಿಗೆ ಸುಳ್ಳು ಹೇಳುವವಳಲ್ಲ ಅಂತ ನಿನ್ನ ನೆನಪಿನ ಮೇಲೆಯೇ ಅನುಮಾನ ಪಟ್ಟೆ. ಅಂಗಡಿಯ ಸಾಮಾನನ್ನೆಲ್ಲ ಬೀದಿಗೆ ಹಾಕಿ ಹುಡುಕಿದೆಯಂತೆ. ನಿಮ್ಮಣ್ಣ ಬಂದು ಹೇಳಿದಾಗ ನಾನು ಗೂಡು ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಕಾರು ಮಾಗಡಿ ಕಡೆ ನೀಲಗಿರಿ ತೋಪಿನಲ್ಲಿ ಸಿಕ್ಕಿತು. ಕೀ ಅದರಲ್ಲೇ ಇತ್ತು. ಠಾಣೆಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟಾಗ ಗುಂಡಿಗಳ ಸಂದಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ಅದನ್ನು ಉಜ್ಜಿ ಉಜ್ಜಿ ತೊಳೆದೆ. ನಿನ್ನ ಅಂಗಡಿಯಿಂದಲೇ ಕೀ ಕಳ್ಳನ ಕೈಗೆ ಹೋಗಿದೆ ಅಂತ ಎಲ್ಲರೂ ತೀರ್ಮಾನ ಮಾಡಿದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಿನಗೆ ಕೀ ಕೊಡಲು ಜನ ಹಿಂದೆ ಮುಂದೆ ನೋಡತೊಡಗಿದರು. ಕಾರು ಬಿಟ್ಟುಹೋಗುವವರೇ ಇಲ್ಲದ ಮೇಲೆ ಅಂಗಡಿ ಹೇಗೆ ನಡೆದೀತು? ನೀನು ಚನ್ನಪಟ್ಟಣ ಬಿಟ್ಟು ಕನಕಪುರಕ್ಕೆ ಹೋದೆ. ಸಾಮಾನು ಸಾಗಿಸುವ ದಿನ ನಾನೇ ಬುತ್ತಿ ಕಟ್ಟಿಕೊಟ್ಟೆ. "ಅತ್ಗೆ ಕೈ ಚಿತ್ರಾನ್ನ ಇದ್ರೆ ಸಾಕು," ಅಂತ ನಕ್ಕುಕೊಂಡು ಹೋದೆ ನೀನು.

ಈಗ ನಿನ್ನ ಕನಕಪುರದ ಅಂಗಡಿಯ ಹೆಸರು ಯಾರಿಗೆ ಗೊತ್ತಿಲ್ಲ? ಗಿರಾಕಿ ಕೊಟ್ಟ ಕೀಯನ್ನು ಅವನ ಕಣ್ಣೆದುರಿಗೇ ಮೊಳೆಗೆ ನೇತುಹಾಕುತ್ತೀಯಂತೆ; ಹೋಗುವಾಗ ಅವನ ಕೈಯಿಂದಲೇ ತೆಗೆಸುತ್ತೀಯಂತೆ. ಕೀ ವಿಷಯದಲ್ಲಿ ಶಿವಣ್ಣನಷ್ಟು ಕಟ್ಟುನಿಟ್ಟಿನವನಿಲ್ಲ ಅಂತ ಮಾರುಕಟ್ಟೆಯಲ್ಲಿ ಯಾರೋ ಹೇಳುತ್ತಿದ್ದರು. "ನನ್ ಮೈದ ಕಣ್ರೀ ಅವನು," ಅಂದುಬಿಟ್ಟೆ, ಎದೆ ಉಬ್ಬಿಸಿಕೊಂಡು. ಆ ಹೆಮ್ಮೆ ಸುಳ್ಳಲ್ಲ. ಆದರೆ ಆ ಮೊಳೆಗಳನ್ನು ನಿನ್ನ ಗೋಡೆಗೆ ಹೊಡೆಸಿದ್ದು ನನ್ನ ಸುಳ್ಳು ಅಂತ ನೆನಪಾಗಿ, ಆ ದಿನ ಗೂಡು ಹಿಡಿಯದೆ ಬರಿಗೈಯಲ್ಲಿ ಮನೆಗೆ ಬಂದೆ. ಹೊಸ ಕಾರು ತಗೊಂಡವರು ಕಂಪನಿ ಬೀಗ ಸಾಕಾ ಅಕ್ಕ ಅಂತ ನನ್ನನ್ನು ಕೇಳುತ್ತಾರೆ. ಸಾಲದು, ಕನಕಪುರಕ್ಕೆ ಹೋಗಿ ಶಿವಣ್ಣನ ಹತ್ತಿರ ಗೇರಿಗೆ ಬೀಗ ಹಾಕಿಸಿ ಅನ್ನುತ್ತೇನೆ. ಅದರಿಂದ ತಪ್ಪು ತೀರಿತು ಅಂತ ನನಗೆ ನಾನೇ ಹೇಳಿಕೊಂಡದ್ದೂ ಉಂಟು. ತೀರಲಿಲ್ಲ. ನಮ್ಮ ನೆಂಟರಲ್ಲಿ ನಿನಗೆ ಕೀ ಕೊಡುವಾಗ ಇವತ್ತಿಗೂ ಕಣ್ಣು ಮಿಟುಕಿಸಿ ನಗುವವರಿದ್ದಾರೆ. ನೀನು ತಲೆ ತಗ್ಗಿಸುವುದನ್ನು ಪ್ರತಿ ಹಬ್ಬದಲ್ಲೂ ನೋಡಿದ್ದೇನೆ.

ನಿನ್ನೆ ನೀನು ಫೋನ್ ಮಾಡಿದೆ. ನಿನ್ನ ಮಗಳು ಕಾರು ತಗೊಂಡಿದ್ದಾಳೆ, ಶನಿವಾರ ಕೆಂಗಲ್‌ನಲ್ಲಿ ಪೂಜೆ. "ಕೀ ನಿಮ್ ಕೈಯಿಂದ್ಲೇ ತಟ್ಟೆಗೆ ಇಡುಸ್ಬೇಕು ಅತ್ಗೆ. ನಮ್ಮನೇಲಿ ಮೊದ್ಲು ಸ್ಟೇರಿಂಗ್ ಹಿಡ್ದೋರು ನೀವು. ನನ್ ಮಗಳು ನಿಮ್ಮುನ್ ನೋಡೇ ಕಲ್ತಿದ್ದು."

ಫೋನ್ ಇಟ್ಟು ಕಾಗದ ಹಿಡಿದು ಕೂತೆ. ಆದದ್ದನ್ನು ಮೊದಲು ನಿನಗೆ ತಿಳಿಸಬೇಕು ಅನ್ನಿಸಿತು, ಅದಕ್ಕೇ ಇದು. ಓದಿದ ಮೇಲೆ ನೀನು "ನಮ್ಮ ಕೀ ಮುಟ್ಟಬೇಡಿ" ಅಂದರೆ ಮುಟ್ಟುವುದಿಲ್ಲ. ಆದರೂ ಬರುತ್ತೇನೆ. ಕಬ್ಬಾಳಿನಲ್ಲಿ ನನ್ನ ಸುಳ್ಳು ಕೇಳಿಸಿಕೊಂಡವರೆಲ್ಲ ಅಲ್ಲಿ ಇರುತ್ತಾರೆ. ಗುಡಿಯ ಮುಂದೆ ನಿಂತು, ಗಂಟಲೆತ್ತಿ, ಅವರಿಗೆಲ್ಲ ಇದನ್ನು ಹೇಳುತ್ತೇನೆ. ನಗುವವರು ನನ್ನನ್ನು ನೋಡಿ ನಗಲಿ.

ಮುಟ್ಟಬಹುದು ಅಂತ ನೀನು ಹೇಳಿದರೆ, ಪೂಜೆಯಾದ ಮೇಲೆ ಒಂದು ಕೀಯನ್ನು ನಿನ್ನ ಮಗಳಿಗೆ ಕೊಡುತ್ತೇನೆ. ಇನ್ನೊಂದನ್ನು ಎಲ್ಲರೂ ನೋಡುವ ಹಾಗೆ ನಿನ್ನ ಅಂಗೈಯಲ್ಲಿಟ್ಟು ಹೇಳುತ್ತೇನೆ: "ಅವತ್ತು ನಾನ್ ಕೊಟ್ಟಿರ್ಲಿಲ್ಲ ಕಣಪ್ಪ. ಇವತ್ತು ಕೊಡ್ತಾ ಇವ್ನಿ."