ಗಡಿಯಲ್ಲಿ ಹೇಳಬೇಕಾದ ಉತ್ತರ

ಹೆದರಿಕೆಯಾದರೆ ನಾನು ಓದಲು ಕೂರುತ್ತೇನೆ, ಓದಿ ಇನ್ನಷ್ಟು ಹೆದರುತ್ತೇನೆ. ಗಂಡನ ಕೆಲಸ ಹೋಗಿ ನಮ್ಮ ವೀಸಾದ ಗಡುವು ಹತ್ತಿರವಾದಾಗ ಉಳಿದಿದ್ದ ದಾರಿ ಒಂದೇ, ಎಂದೋ ಅರ್ಜಿ ಹಾಕಿ ಪಡೆದಿದ್ದ ಕೆನಡಾದ ಕಾಯಂ ವಾಸದ ಅನುಮತಿ, ಪಿ.ಆರ್. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟು ಖಾಲಿ ಮಾಡಿ, ಕಾರಿನಲ್ಲೇ ಉತ್ತರಕ್ಕೆ ಹೋಗಿ ಬ್ರಿಟಿಷ್ ಕೊಲಂಬಿಯಾದ ಗಡಿ ದಾಟಬೇಕು. ಅಲ್ಲಿನ ಅಧಿಕಾರಿ ಒಪ್ಪದಿದ್ದರೆ ತಿರುಗಿ ಬರಲು ಇಲ್ಲಿ ಮನೆಯೂ ಇರುವುದಿಲ್ಲ, ವೀಸಾವೂ ಇರುವುದಿಲ್ಲ.

ಪ್ಯಾಕಿಂಗು ಬಿಟ್ಟು ನಕಾಶೆ ಹರಡಿಕೊಂಡು ಕೂತೆ. ಪ್ರಾಂತ್ಯ ನೋಡಲು ಅಷ್ಟು ದೊಡ್ಡದು, ಬಹುಪಾಲು ಜನ ಇರುವುದು ಮಾತ್ರ ಕೆಳಗಿನ ಮೂಲೆಯಲ್ಲಿ, ನದಿ ಸಮುದ್ರ ಸೇರುವ ಕಡೆ. ಉಳಿದದ್ದೆಲ್ಲ ಬೆಟ್ಟ, ಕಾಡು, ಬೆಟ್ಟದ ಸಂದಿಗೆ ನುಗ್ಗಿದ ಸಮುದ್ರ. ರಾಜಧಾನಿಯೋ ದ್ವೀಪದ ಮೇಲೆ. ಭೂಕಂಪಕ್ಕೆ ಹೆದರಿ ಇಲ್ಲಿ ಬೀರುಗಳನ್ನು ಗೋಡೆಗೆ ಬಿಗಿದುಕೊಂಡು ಬದುಕಿದ್ದಾಯಿತು, ಅಲ್ಲಿನ ಕರಾವಳಿಯ ಅಡಿಯಲ್ಲೂ ಅದೇ ಕಥೆ.

"ಸಿಟಿಜನ್‌ಶಿಪ್ ಪರೀಕ್ಷೆಗೆ ಈಗ್ಲೇ ಓದ್ತಿದೀಯಾ? ಮೊದ್ಲು ಒಳಗೆ ಬಿಡ್ಲಿ ತಾಯಿ," ಎಂದ ಗಂಡ. ನನ್ನ ಭಯವೂ ಅದೇ ತಾನೇ.

ಸಾವಿರಾರು ವರ್ಷ ಅದು ಮೂಲನಿವಾಸಿಗಳ ನೆಲ. ಆಮೇಲೆ ತುಪ್ಪಳದ ವ್ಯಾಪಾರಿಗಳು ಬಂದರು. ನದಿಯಲ್ಲಿ ಚಿನ್ನ ಸಿಕ್ಕಿದ ಸುದ್ದಿಗೆ ಇದೇ ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹಡಗು ಜನ ಹೊರಟರಂತೆ. ಅವರನ್ನು ಯಾರೂ ವೀಸಾ ಕೇಳಲಿಲ್ಲ. ಮುಂದೊಂದು ಕಾಲಕ್ಕೆ, ಪಂಜಾಬಿನವರೇ ತುಂಬಿದ್ದ ಒಂದು ಹಡಗನ್ನು ಮಾತ್ರ ವ್ಯಾಂಕೂವರ್ ಬಂದರಿನಲ್ಲಿ ವಾರಗಟ್ಟಲೆ ನಿಲ್ಲಿಸಿ, ಕೆಲವರನ್ನು ಬಿಟ್ಟು ಎಲ್ಲರನ್ನೂ ವಾಪಸು ಕಳಿಸಿದರು. ಅಲ್ಲಿಂದ ಮುಂದೆ ಓದಲಾಗಲಿಲ್ಲ.

ನನ್ನ ಮುಖ ನೋಡಿ ಗಂಡ ರಿಹರ್ಸಲ್ಲು ಶುರು ಮಾಡಿದ. ಊಟದ ಟೇಬಲ್ಲಿನ ಆಚೆ ಕೂತು ಅವನೇ ಗಡಿಯ ಅಧಿಕಾರಿಯಾದ. ಈಚೆ ನಾನು, ಪಕ್ಕದಲ್ಲಿ ಎಂಟು ವರ್ಷದ ಮಗಳು.

"ಎಲ್ಲರೂ ಕೆನಡಾಕ್ಕೆ ಹೊರಟ್ರಾ?"

"ಹೌದು, ಹೋಗಿ ಬರ್ತೀವಿ."

"ಬರ್ತೀವಿ ಅಂದ್ರೆ ಕೆಟ್ವಿ! ಅಲ್ಲೇ ಇರ್ಲಿ ಅಂತ ಪಿ.ಆರ್. ಕೊಟ್ಟಿರೋದು. ವಾಪಸ್ ಬರಲ್ಲ ಅನ್ನು."

ಹೊಸಿಲು ದಾಟುವವರು ಹಾಗನ್ನುವುದುಂಟೇ? ಪಕ್ಕದ ಅಂಗಡಿಗೆ ಹೋಗುವಾಗಲೂ 'ಹೋಗಿ ಬರ್ತೀನಿ' ಎಂದೇ ಹೊರಟು ಬೆಳೆದವಳು ನಾನು. ಬರುವುದಿಲ್ಲ ಎಂದು ಹೊರಡುವುದು ಸತ್ತವರು. ಅವನು ಮತ್ತೆ ಕೇಳಿದ, ಬಾಯಿಗೆ ಮತ್ತೆ ಅದೇ ಬಂತು. ಅಧಿಕಾರಿಯೆದುರೂ ಹೀಗೇ ಆದರೆ ಏನು ಗತಿ ಎಂದು ಅಳುವೇ ಬಂತು.

"ಅಪ್ಪಾ, ಆಸ್ಕ್ ಮೀ," ಎಂದಳು ಮಗಳು. ಅವನು ಕೇಳಿದ. ಅವಳು ನೆಟ್ಟಗೆ ಕೂತು ಒಂದಿಷ್ಟೂ ತಡವರಿಸದೆ, "ವೀ ಆರ್ ನಾಟ್ ಕಮಿಂಗ್ ಬ್ಯಾಕ್. ಎವರ್," ಎಂದಳು.

ಗಂಡ ಚಪ್ಪಾಳೆ ತಟ್ಟಿದ. ಮಗಳು ಇಲ್ಲೇ ಹುಟ್ಟಿ ಇಲ್ಲಿನ ಪ್ರಜೆಯಾದವಳು. ನಮ್ಮ ಮೂವರಲ್ಲಿ ಈ ನೆಲದಲ್ಲಿ ಉಳಿಯುವ ಹಕ್ಕಿದ್ದದ್ದು ಅವಳೊಬ್ಬಳಿಗೇ. 'ಬಿಡ್ತು ಅನ್ನು' ಎಂದು ಬಾಯಿತುದಿಗೆ ಬಂತು. ಹಾಗಂದುಬಿಟ್ಟರೆ ಗಡಿಯಲ್ಲಿ ಅವಳೂ ತಡವರಿಸಿಯಾಳು ಎಂದು ಹೆದರಿ, "ಕರೆಕ್ಟ್, ಪುಟ್ಟಾ. ಹಾಗೇ ಹೇಳು," ಎಂದೆ.