ಷಟ್ಕೋನದ ಮೇಡಂ
ನಮ್ಮ ಹನಗೋಡಿನ ಶುಂಠಿ ಹೊಲದಲ್ಲಿ ಪ್ರಯೋಗ ನಡೆಸುವ ವಾಣಿಶ್ರೀ ಮೇಡಂ ಮೊದಲು ಕಾಗದದ ಮೇಲೊಂದು ಷಟ್ಕೋನ ಬರೆಯುತ್ತಾರೆ. ಅಡ್ಡಕ್ಕೆ ಹೋದಂತೆ ಗೊಬ್ಬರ ಹೆಚ್ಚು, ಉದ್ದಕ್ಕೆ ಹೋದಂತೆ ನೀರು ಹೆಚ್ಚು; ಮೂಲೆಗೊಂದು ಮಡಿ, ನಡುವಿಗೊಂದು. ಮದುವೆಯೂಟದ ಎಲೆಯಲ್ಲೂ ಪಲ್ಯವನ್ನು ಹಾಗೇ ಜೋಡಿಸುತ್ತಾರೆಂದು ನಾವು ನಗುತ್ತೇವೆ. "ಇಳುವರಿ ಎಷ್ಟು ಅನ್ಬೇಡಿ, ಇನ್ನೊಂದು ಹಿಡಿ ಹಾಕಿದ್ರೆ ಎಷ್ಟು ಏರ್ತದೆ ಅಂತ ಕೇಳಿ" ಎಂಬುದು ಅವರ ಮಂತ್ರ. ಹೋದ ವರ್ಷ ಕೊಯ್ಲಿಗೆ ಮುಂಚೆ ಕಾಡುಹಂದಿ ಒಂದು ಮೂಲೆಯ ಮಡಿಯನ್ನು ಬಗೆದುಹಾಕಿತು. ಹೊಲದೊಡೆಯ ಚಿಕ್ಕಣ್ಣ, "ಅಂದಾಜಲ್ಲಿ ಏನಾರ ಬರ್ಕೊಳಿ ಮೇಡಂ, ಯಾರು ನೋಡ್ತಾರೆ?" ಎಂದ. ಮೇಡಂ ಒಪ್ಪದೆ ಈ ವರ್ಷ ಏಳೂ ಮಡಿಗಳನ್ನು ಮತ್ತೆ ನೆಡಿಸಿದರು. ನಡುಮಡಿಗಿಂತ ಹೆಚ್ಚು ಗೊಬ್ಬರ ಸುರಿದರೂ ಇಳುವರಿ ಏರದೆಂದು, ಕೊಯ್ಲಾದ ಮೇಲೆ ಮೊನ್ನೆ ರೈತರ ಸಭೆಯಲ್ಲಿ ಅವರು ಹೇಳಿದಾಗ ಜನ ಅನುಮಾನಿಸಿದರು. ಚಿಕ್ಕಣ್ಣ ಎದ್ದು ನಿಂತ: "ನಂಬ್ರಪ್ಪಾ! ಸುಳ್ಳು ಲೆಕ್ಕ ನಾನೇ ಯೋಳ್ಕೊಟ್ಟಿದ್ದೆ, ಆಯಮ್ಮ ಬರೀನಿಲ್ಲ."