ಅಮ್ಮ ಬದಲಾಯಿಸದ ತಟ್ಟೆ

"ಕಾಗೆ ಬೆಳ್ಳಗಾದಾಗ ನಿನ್ ಮಗ್ಳು ಡಿಗ್ರಿ ತಗೋತಾಳೆ" ಎಂದವರು ನಮ್ಮಜ್ಜಿ, ಅಮ್ಮನ ಅಮ್ಮ. ಹೇಳಿದ್ದು ಮಂಡ್ಯದ ಕಡೆಯ ಹಳ್ಳಿಯಿಂದ, ಫೋನಿನಲ್ಲಿ. ಆ ದಿನಗಳಲ್ಲಿ ನಾವು ಐರ್ಲೆಂಡಿನ ಸ್ಲೈಗೋ ಊರಿನಲ್ಲಿದ್ದೆವು. ಅಪ್ಪ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವರು, ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ. ಇಬ್ಬರೂ ಏಳನೇ ಕ್ಲಾಸ್ ದಾಟಿದವರಲ್ಲ. ನನಗೆ ಹದಿನೈದು. ಬೇಸಿಗೆ ರಜೆಗೆ ಊರಿಗೆ ಹೋದಾಗ ನನಗೂ ಸೋದರಮಾವನಿಗೂ ತಟ್ಟೆ ಬದಲಾಯಿಸುವುದು, ಹದಿನೆಂಟು ತುಂಬಿದ ಕೂಡಲೇ ಮದುವೆ, ಓದು ಅಲ್ಲಿಗೆ ಸಾಕು ಎಂದು ಅಜ್ಜಿ ತೀರ್ಮಾನಿಸಿದ್ದರು. ತಾಂಬೂಲದ ತಟ್ಟೆ ಕೈ ಬದಲಾಯಿತೆಂದರೆ ನಮ್ಮಲ್ಲಿ ಮಾತು ಮುಗಿದ ಹಾಗೆ. ಅಪ್ಪ "ಹೂಂ" ಅಂದಿದ್ದರು. ಅಮ್ಮ ಪಾತ್ರೆ ತೊಳೆಯಲು ಎದ್ದುಹೋಗಿದ್ದರು.

ಲಾಂಡ್ರಿಯಲ್ಲಿ ಅಮ್ಮನ ಜೊತೆಗಾರ್ತಿ ರೋಡಿಕಾ ಆಂಟಿ, ರೊಮೇನಿಯಾದಿಂದ ಬಂದ, ರೋಮಾ ಎಂಬ ಅಲೆಮಾರಿ ಮೂಲದ ಸಮುದಾಯದ ಹೆಂಗಸು. ಅವರ ಮಗಳು ಎಲೀನಾ ನನ್ನ ಕ್ಲಾಸು. ಆಂಟಿ ಮತ್ತು ಅವರ ಕಡೆಯ ಹೆಂಗಸರು ಸೇರಿ ಒಂದು ನಾಟಕ ಕಟ್ಟಿದ್ದರು. ಹದಿನೈದರ ಹುಡುಗಿಯನ್ನು ಸ್ಕೂಲು ಬಿಡಿಸಿ ಮದುವೆ ಮಾಡುವ ಕತೆ. ಅವರಲ್ಲಿ ಹಲವರು ಬಾಳಿದ ಕತೆಯೇ. ಮದುಮಗಳು ಎಲೀನಾ, ಪರದೆ ಎಳೆಯುವವಳು ನಾನು. ನೋಡುವವರಲ್ಲಿ ಯಾರಿಗಾದರೂ 'ಇದು ಸರಿಯಲ್ಲ' ಅನ್ನಿಸಿದರೆ ಚಪ್ಪಾಳೆ ತಟ್ಟಿ ನಾಟಕ ನಿಲ್ಲಿಸಬಹುದು, ಸ್ಟೇಜ್ ಹತ್ತಿ ಆ ಪಾತ್ರವನ್ನು ತಾವೇ ಆಡಿ ಕತೆ ತಿರುಗಿಸಬಹುದು. ಅದು ಆ ನಾಟಕದ ನಿಯಮ.

ನಾಟಕದ ಶನಿವಾರ ಅಮ್ಮ ರೇಷ್ಮೆ ಸೀರೆ ಉಟ್ಟು, ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ಜೋಡಿಸಿಕೊಂಡು ಅಪ್ಪನ ಜೊತೆ ಹೊರಟರು.

"ಅಮ್ಮಾ, ಇಟ್ಸ್ ಓನ್ಲಿ ಎ ಪ್ಲೇ!"

"ನಾಟಕ ಆದ್ರೇನೇ, ಮದ್ವೆ ಅಲ್ವಾ? ಬರಿಗೈಲಿ ಹೋಗ್ತಾರಾ ಯಾರಾದ್ರೂ?"

ಹಾಲ್ ಕಿಕ್ಕಿರಿದಿತ್ತು. ಒಳಗೆಲ್ಲ ಎಲೆಕೋಸಿನಲ್ಲಿ ಖೀಮಾ ಸುತ್ತಿ ಬೇಯಿಸಿದ ಘಮ. ಮದುಮಗಳ ತಾಯಿಯಾಗಿದ್ದ ರೋಡಿಕಾ ಆಂಟಿ, ಮದುವೆಯಾದವರು ಕಟ್ಟುವ ತಲೆವಸ್ತ್ರವನ್ನು ಎಲೀನಾ ತಲೆಯ ಮೇಲೆ ಎತ್ತಿದರು. ಅಷ್ಟರಲ್ಲಿ ಮೂರನೇ ಸಾಲಿನಿಂದ ಚಪ್ಪಾಳೆ.

ಅಮ್ಮ! ತಟ್ಟೆಯನ್ನು ಅಪ್ಪನ ತೊಡೆಯ ಮೇಲಿಟ್ಟು ಚಪ್ಪಾಳೆ ತಟ್ಟಿ, ಮತ್ತೆ ತಟ್ಟೆ ಎತ್ತಿಕೊಂಡು ನಡೆದೇಬಿಟ್ಟರು.

"ಕಮ್, ಸಿಸ್ಟರ್, ಕಮ್!" ಎಂದು ರೋಡಿಕಾ ಆಂಟಿ ತಾಯಿಯ ಜಾಗ ಬಿಟ್ಟುಕೊಟ್ಟರು.

ಗಂಡಿನ ಅಪ್ಪನಾಗಿದ್ದ ಹೆಂಗಸು, ಅಂಟಿಸಿದ ಮೀಸೆ ತಿರುವುತ್ತ, ಮಾತು ಮುಗಿಸಲು ಕೈ ಚಾಚಿದಳು. ಚಾಚಿದ ಕೈ ಕಂಡದ್ದೇ ಅಮ್ಮನ ತಟ್ಟೆ ಅಭ್ಯಾಸಬಲದಿಂದ ಮುಂದೆ ಹೋಯಿತು. ಮೀಸೆಯವಳು ಅಂಚು ಹಿಡಿದೇಬಿಟ್ಟಳು. ನಾನು ಪರದೆಯ ಹಗ್ಗಕ್ಕೆ ಕೈ ಹಾಕಿದೆ.

ಅಮ್ಮ ಬೆಚ್ಚಿಬಿದ್ದು ತಟ್ಟೆ ಕಿತ್ತುಕೊಂಡರು. ತೆಂಗಿನಕಾಯಿ ಉರುಳಿ ಕೆಳಗೆ ಬಿತ್ತು.

"ಇಲ್ಲ, ಕೊಡಲ್ಲ! ನನ್ ಮಗ್ಳು ಓದ್ತಾಳೆ! ನಮ್ಮವ್ವ ಅಳ್ಳಿ, ಅಣ್ತಮ್ಮಂದ್ರು ಮಾತು ಬಿಡ್ಲಿ. ಈ ತಟ್ಟೆ ಬದ್ಲಾಯ್ಸಲ್ಲ!"

ಕನ್ನಡ ಅರ್ಥವಾಗುತ್ತಿದ್ದದ್ದು ಇಡೀ ಹಾಲ್‌ನಲ್ಲಿ ಮೂವರಿಗೆ. ಅಮ್ಮ ನೋಡುತ್ತಿದ್ದದ್ದು ಮೀಸೆಯವಳನ್ನಲ್ಲ, ಮೂರನೇ ಸಾಲನ್ನು.

ಅಪ್ಪ ಎದ್ದರು. ಕಾಯಿ ಹೆಕ್ಕಿ, ಪ್ಯಾಂಟಿಗೆ ಒರೆಸಿ, ಸ್ಟೇಜ್ ಹತ್ತಿ ತಟ್ಟೆಯಲ್ಲಿಟ್ಟರು. "ಇಟ್ಕೋ. ನಮ್ಮನೇಲೇ ಇರ್ಲಿ."

ಜನ ಕಾಲಿನಿಂದ ನೆಲ ಬಡಿದರು, ಸೀಟಿ ಹೊಡೆದರು. ಎಲೀನಾ ತಲೆವಸ್ತ್ರ ಗಾಳಿಗೆ ಎಸೆದು ನನ್ನನ್ನು ತಬ್ಬಿದಳು: "ಯುವರ್ ಮ್ಯಾಮ್ ಈಸ್ ಎ ಲೆಜೆಂಡ್!"

ಈಗ ಆ ಹಾಲ್ ಜಿಮ್ ಆಗಿದೆ. ಎಲೀನಾ ಮನೆಯವರು ಬೇರೆ ಊರಿಗೆ ಹೋದರು. ನನ್ನ ಬಳಿಯಿರುವ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಗಂಟಲು ಕಟ್ಟುವಷ್ಟು ಕೂಗಿದ ಅಂಥ ಸಂಜೆ ಮತ್ತೆ ಬಂದಿಲ್ಲ.

ನಮ್ಮ ಮನೆತನದ ಮೊದಲ ಡಿಗ್ರಿ ಹೋದ ವರ್ಷ ನನ್ನ ಕೈಗೆ ಬಂತು. ಘಟಿಕೋತ್ಸವ ಮುಗಿಸಿ ಹೊರಗೆ ಬಂದವಳೇ ಸರ್ಟಿಫಿಕೇಟನ್ನು ಅಮ್ಮನ ಕೈಗಿತ್ತೆ. ಅಪ್ಪ ಹಿಡಿದಿದ್ದ ಫೋನಿನಲ್ಲಿ ಅಜ್ಜಿ ನನ್ನ ಕರಿ ಗೌನನ್ನು ಬಹಳ ಹೊತ್ತು ನೋಡಿದರು.

"ಕಾಗೆ ಕರ್ರಗೇ ಐತಲ್ಲೇ," ಅಂದರು. "ಸೋತಿದ್ದು ನಾನೇಯ."